ಗಾಂಜಾ–ತಂಬಾಕನ್ನು ಒಟ್ಟಿಗೆ ಬಿಡಿಸುವ ಚಿಕಿತ್ಸೆ: ಕಲಬುರಗಿ ಸೀಮೆಯ ಹಿನ್ನೆಲೆಯಲ್ಲಿ

ಗೊಬ್ಬೂರ ಮತ್ತು ಸುತ್ತಲಿನ ಅಫಜಲಪುರ, ಆಳಂದ, ಜೇವರ್ಗಿ ಸೀಮೆಯಲ್ಲಿ ಚಟ ಬಿಡಿಸುವ ಕೆಲಸ ಮಾಡುವವರು ಮೊದಲು ಚಿಲುಮೆಯನ್ನು ಅರಿಯಬೇಕು. ಗಾಂಜಾವನ್ನು ಅಂಗೈಯಲ್ಲಿ ತಿಕ್ಕಿ, ಬೀಡಿ ಬಿಚ್ಚಿ ತಂಬಾಕು ಬೆರೆಸಿ, ಚಿಲುಮೆಯ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಸೇದುತ್ತಾರೆ. ಒಂದೇ ದಮ್ಮಿನಲ್ಲಿ ಎರಡೂ ಒಳಗೆ ಹೋಗುತ್ತವೆ. ಇದಕ್ಕೆ ನಂಬಿಕೆಯ ಬೆಂಬಲವೂ ಉಂಟು: ನೆರೆಯ ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದವೆಂದೇ ಸಲ್ಲುತ್ತ ಬಂದಿದೆ.

ಆದರೆ ನಮ್ಮ ವ್ಯವಸ್ಥೆ ಇವೆರಡನ್ನು ಬೇರೆ ಬೇರೆ ಕಡತಗಳಲ್ಲಿ ಇಟ್ಟಿದೆ. 2007–08ರಲ್ಲಿ ಶುರುವಾದ ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮ ಆರೋಗ್ಯ ಸಚಿವಾಲಯದ್ದು. ವ್ಯಸನಮುಕ್ತಿ ಕೇಂದ್ರಗಳಿಗೆ ಅನುದಾನ ಸಾಮಾಜಿಕ ನ್ಯಾಯ ಸಚಿವಾಲಯದ್ದು. ಬೀಡಿಯ ಲೆಕ್ಕ ಕೇಳುವವರು ಗಾಂಜಾ ಕೇಳುವುದಿಲ್ಲ. ಗಾಂಜಾ ಬಿಡಿಸುವವರು ಬೀಡಿಯೊಂದು ಇರಲಿ ಎಂದು ಸುಮ್ಮನಾಗುತ್ತಾರೆ. ಈ ಸುಮ್ಮನಿರುವಿಕೆಯೇ ರೋಗಿಯನ್ನು ಮತ್ತೆ ಚಿಲುಮೆಗೆ ಎಳೆಯುತ್ತದೆ ಎಂಬುದು ನನ್ನ ವಾದ. ಬೀಡಿಯ ಹೊಗೆ, ಅದನ್ನು ಸೇದುವ ಗೆಳೆಯರು, ಊರ ಹೊರಗಿನ ಅದೇ ಕಟ್ಟೆ, ಇವೆಲ್ಲ ಗಾಂಜಾವನ್ನೂ ನೆನಪಿಗೆ ತರುತ್ತವೆ.

ಬಿಟ್ಟ ಮೊದಲ ವಾರವೇ ಕಠಿಣ. ನಿಕೋಟಿನ್ ಇಲ್ಲದ ತಳಮಳ ಎರಡು–ಮೂರನೆಯ ದಿನಕ್ಕೆ ಏರುತ್ತದೆ. ಗಾಂಜಾದ್ದೂ ಅದೇ ವಾರದಲ್ಲಿ ಉಲ್ಬಣಿಸುತ್ತದೆ. ಸಿಡುಕು, ನಿದ್ದೆಗೇಡು, ಚಡಪಡಿಕೆ ಎರಡಕ್ಕೂ ಸಮಾನ. ಒಂದನ್ನು ಬಿಟ್ಟು ಆಮೇಲೆ ಇನ್ನೊಂದನ್ನು ಬಿಟ್ಟರೆ ಈ ಸಂಕಟ ಎರಡು ಸಲ. ಒಟ್ಟಿಗೆ ಬಿಡುವವರಿಗೆ ಆಸರೆಯೂ ದುಪ್ಪಟ್ಟು ಬೇಕು, ನಿಜ. ತಂಬಾಕಿಗೆ 2 ಮತ್ತು 4 ಮಿ.ಗ್ರಾಂ. ನಿಕೋಟಿನ್ ಗಮ್ ಇದೆ. ಗಾಂಜಾ ಬಿಡಿಸಲೆಂದೇ ಮಂಜೂರಾದ ಮಾತ್ರೆ ಇಲ್ಲ, ಆಪ್ತಸಮಾಲೋಚನೆಯೇ ಮುಖ್ಯ. ಗಮ್ಮಿನ ಪ್ರಮಾಣ ನಿಗದಿ ಮಾಡುವಾಗ ಚಿಲುಮೆಗೆ ಹೋದ ತಂಬಾಕನ್ನೂ ಎಣಿಸದಿದ್ದರೆ ಅದು ಸಾಲುವುದಿಲ್ಲ. ಚಹಾದ ವಿಷಯವನ್ನೂ ಮರೆಯಬಾರದು: ಹೊಗೆ ನಿಂತೊಡನೆ ಯಕೃತ್ತು ಕೆಫೀನನ್ನು ಕರಗಿಸುವ ವೇಗ ತಗ್ಗುತ್ತದೆ, ಹಳೆಯ ಲೆಕ್ಕದ ಚಹಾವೇ ನಿದ್ದೆ ಕೆಡಿಸುತ್ತದೆ. ಮನೋರೋಗಕ್ಕೆ ಓಲಾಂಜಪಿನ್ ಅಥವಾ ಕ್ಲೋಜಪಿನ್ ನುಂಗುವವರಲ್ಲಿ ಅದರ ಮಟ್ಟವೂ ಏರಬಹುದು. ವೈದ್ಯರಿಗೆ ಮೊದಲೇ ತಿಳಿಸಬೇಕು.

ಪೊಲೀಸರ ಭಯದಿಂದ ಗಾಂಜಾದ ಮಾತು ರೋಗಿಯ ಬಾಯಿಗೆ ಬರುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಬಂದರೆ ವಿಚಾರಣೆಯಿಂದ ವಿನಾಯಿತಿ ನೀಡುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು ಎಂಬುದು ಷರತ್ತು. ಇದನ್ನು ಆಶಾ ಕಾರ್ಯಕರ್ತೆಯರಿಗೆ ಕಲಿಸಬೇಕು. ತಂಬಾಕು ಬಿಡಲು 1800-11-2356, ಮನೋಆರೋಗ್ಯಕ್ಕೆ ಟೆಲಿ ಮನಸ್ 14416 ಉಚಿತವಾಗಿ ಸಿಗುತ್ತವೆ. ಎರಡೂ ಕಡೆಯವರು ಕೇಳಬೇಕಾದ ಮೊದಲ ಪ್ರಶ್ನೆ, ‘ದಿನಕ್ಕೆ ಎಷ್ಟು ಬೀಡಿ?’ ಎಂಬುದಲ್ಲ, ‘ಅದರಲ್ಲಿ ಏನೇನು ಕೂಡಿಸಿ ಸೇದ್ತೀರಿ?’ ಎಂಬುದು.