ಮಕ್ಕಳ ಕ್ರೀಡಾ ಕನ್ಕಷನ್: ತಂಡ ಆರೈಕೆ

ಕನ್ಕಷನ್ ಎಂಬುದು ತಲೆಗೆ, ಕುತ್ತಿಗೆಗೆ ಅಥವಾ ದೇಹಕ್ಕೆ ಬಿದ್ದ ಪೆಟ್ಟಿನ ಬಲವು ಮಿದುಳನ್ನು ತಲುಪಿ ಅದರ ಕಾರ್ಯದಲ್ಲಿ ಏರುಪೇರು ಉಂಟುಮಾಡುವ ಗಾಯ. ಹೀಗೆ ಪೆಟ್ಟಾದ ಬಾಲ ಕ್ರೀಡಾಪಟುವಿನ ಆರೈಕೆಯನ್ನು ವೈದ್ಯರು, ಫಿಸಿಯೋಥೆರಪಿಸ್ಟ್, ನರಮನೋವಿಜ್ಞಾನಿ, ತರಬೇತುದಾರ, ಶಾಲೆ ಮತ್ತು ಪೋಷಕರು ಹಂಚಿಕೊಂಡು ನಡೆಸುವ ಪದ್ಧತಿಯನ್ನು ತಂಡ ಆರೈಕೆ ಎನ್ನುತ್ತಾರೆ.

ಲಕ್ಷಣಗಳು

ತಲೆನೋವು, ತಲೆಸುತ್ತು, ವಾಕರಿಕೆ, ಬೆಳಕು ಮತ್ತು ಸದ್ದನ್ನು ಸಹಿಸಲಾಗದಿರುವುದು, ಮರೆವು, ಸಿಡುಕು, ನಿದ್ರೆಯ ವ್ಯತ್ಯಾಸ ಇದರ ಸಾಮಾನ್ಯ ಲಕ್ಷಣಗಳು. ಪ್ರಜ್ಞೆ ತಪ್ಪಿದರೆ ಮಾತ್ರ ಕನ್ಕಷನ್ ಎಂಬ ನಂಬಿಕೆ ತಪ್ಪು. ಬಹುಪಾಲು ಮಕ್ಕಳಿಗೆ ಪ್ರಜ್ಞೆ ತಪ್ಪುವುದಿಲ್ಲ. ಸಿ.ಟಿ. ಸ್ಕ್ಯಾನ್‌ನಲ್ಲಿಯೂ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಪದೇ ಪದೇ ವಾಂತಿ, ಸೆಳವು, ಹೆಚ್ಚುತ್ತಲೇ ಹೋಗುವ ತಲೆನೋವು ಅಥವಾ ಮಂಪರು ಕಂಡರೆ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಲಿಸ್ಟೆಡ್ ಕಾಯ್ದೆ

2006ರ ಅಕ್ಟೋಬರ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 13 ವರ್ಷದ ಝ್ಯಾಕರಿ ಲಿಸ್ಟೆಡ್ ಎಂಬ ಬಾಲಕನ ತಲೆ ಅಮೆರಿಕನ್ ಫುಟ್‌ಬಾಲ್ ಪಂದ್ಯದ ನಡುವೆ ನೆಲಕ್ಕೆ ಅಪ್ಪಳಿಸಿತು. ಅಲ್ಪ ವಿರಾಮದ ನಂತರ ಆತ ಮತ್ತೆ ಆಟಕ್ಕಿಳಿದ. ಪಂದ್ಯ ಮುಗಿದ ಮೇಲೆ ಕುಸಿದುಬಿದ್ದ. ಮಿದುಳಿನ ರಕ್ತಸ್ರಾವಕ್ಕೆ ತುರ್ತು ಶಸ್ತ್ರಚಿಕಿತ್ಸೆ ನಡೆದು ಜೀವ ಉಳಿಯಿತಾದರೂ ಮಾತು, ನಡಿಗೆಗಳನ್ನು ಆತ ವರ್ಷಗಟ್ಟಲೆ ಮರಳಿ ಕಲಿಯಬೇಕಾಯಿತು. 2009ರ ಮೇ 14ರಂದು ಆತನ ಹೆಸರಿನ ಕಾಯ್ದೆಗೆ ರಾಜ್ಯಪಾಲೆ ಕ್ರಿಸ್ಟೀನ್ ಗ್ರೆಗೋಯರ್ ಸಹಿ ಹಾಕಿದರು. ಕನ್ಕಷನ್ ಕುರಿತ ಮಾಹಿತಿ ಪತ್ರಕ್ಕೆ ಪ್ರತಿವರ್ಷ ಮಗು ಮತ್ತು ಪೋಷಕರು ಸಹಿ ಹಾಕಬೇಕು. ಅನುಮಾನ ಬಂದ ಕೂಡಲೇ ಆಟಗಾರನನ್ನು ಹೊರಗಿಡಬೇಕು. ತರಬೇತಿ ಪಡೆದ ಆರೋಗ್ಯ ಪರಿಣತರ ಲಿಖಿತ ಒಪ್ಪಿಗೆಯಿಲ್ಲದೆ ಆತ ಮರಳಬಾರದು ಎಂಬವು ಇದರ ವಿಧಿಗಳು. ಆಡಲು ಹಾತೊರೆಯುವ ಹುಡುಗ, ಗೆಲುವು ಬಯಸುವ ತರಬೇತುದಾರ ಇವರಿಬ್ಬರ ಮೇಲೂ ನಿರ್ಧಾರದ ಹೊರೆ ಬೀಳದಂತೆ ಮಾಡಿದ್ದು ಕಾಯ್ದೆಯ ಮುಖ್ಯ ಸಾಧನೆ. 2014ರ ವೇಳೆಗೆ ಅಮೆರಿಕದ ಎಲ್ಲ 50 ರಾಜ್ಯಗಳಲ್ಲಿಯೂ ಇಂಥ ಕಾನೂನುಗಳು ಬಂದವು.

ತಂಡದ ಕಾರ್ಯ

ಪೆಟ್ಟು ಬಿದ್ದುದನ್ನು ಕಾಣುವವನು ತರಬೇತುದಾರ, ರಾತ್ರಿಯ ನಿದ್ರೆಗೇಡನ್ನು ಕಾಣುವವಳು ತಾಯಿ, ಓದಿದ್ದು ತಲೆಗೆ ಹತ್ತದಿರುವುದನ್ನು ಗುರುತಿಸುವವರು ತರಗತಿಯ ಶಿಕ್ಷಕರು. ಇವು ಒಂದೆಡೆ ಸೇರದೆ ವೈದ್ಯರಿಗೆ ಪೂರ್ಣ ಚಿತ್ರ ಸಿಗದು. 8ರಿಂದ 12 ವರ್ಷದವರ ಪರೀಕ್ಷೆಗೆಂದೇ ರೂಪಿಸಿದ ಚೈಲ್ಡ್ ಸ್ಕ್ಯಾಟ್ 6 ಪ್ರಶ್ನಾವಳಿಯಲ್ಲಿ ಪೋಷಕರ ಹೇಳಿಕೆಗೂ ಸ್ಥಾನವಿದೆ.

2022ರ ಆಮ್‌ಸ್ಟರ್‌ಡ್ಯಾಮ್ ಸಮ್ಮೇಳನದಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಒಮ್ಮತದ ಹೇಳಿಕೆಯು ಕತ್ತಲೆ ಕೋಣೆಯ ದೀರ್ಘ ವಿಶ್ರಾಂತಿಯನ್ನು ಸಮರ್ಥಿಸುವುದಿಲ್ಲ. ಮೊದಲ 24ರಿಂದ 48 ಗಂಟೆ ಮಿತವಾದ ವಿಶ್ರಾಂತಿ ಮತ್ತು ಮೊಬೈಲ್, ಟಿ.ವಿ.ಗಳ ಕಡಿತ, ಆ ಅವಧಿಯಲ್ಲಿಯೇ ಸಹಿಸಬಹುದಾದಷ್ಟು ನಡಿಗೆಯಂಥ ಲಘು ಚಟುವಟಿಕೆ ಎಂಬುದು ಅದರ ಸಲಹೆ. ಮೈದಾನಕ್ಕೆ ಮರಳಲು 6 ಹಂತಗಳಿದ್ದು, ಪ್ರತಿ ಹಂತಕ್ಕೂ ಸಾಮಾನ್ಯವಾಗಿ ಕನಿಷ್ಠ 24 ಗಂಟೆ ಬೇಕು. ತಲೆಸುತ್ತು ಅಥವಾ ಕುತ್ತಿಗೆನೋವು 10 ದಿನ ಮೀರಿದರೆ ಫಿಸಿಯೋಥೆರಪಿಸ್ಟ್ ನೆರವು ಅಗತ್ಯ. 4 ವಾರ ಕಳೆದರೂ ಗುಣವಾಗದ ಮಕ್ಕಳನ್ನು ಬಹುಶಾಖೆಯ ತಜ್ಞರ ತಂಡಕ್ಕೆ ಒಪ್ಪಿಸಲಾಗುತ್ತದೆ.

ತರಗತಿಗೆ ಮರಳುವಿಕೆ

ಆಟಕ್ಕಿಂತ ಮೊದಲು ಪಾಠ ಎಂಬುದು ಇಲ್ಲಿಯ ಕ್ರಮ. ಪೂರ್ಣ ತರಗತಿಗೆ ಹೊಂದಿಕೊಳ್ಳದ ಮಗುವನ್ನು ಪೂರ್ಣ ಆಟಕ್ಕೆ ಬಿಡುವುದಿಲ್ಲ. ಅರ್ಧ ದಿನದ ಹಾಜರಿ, ಪಾಠಗಳ ನಡುವೆ ಬಿಡುವು, ಕಡಿಮೆ ಮನೆಗೆಲಸ, ಪರೀಕ್ಷೆಯ ಮುಂದೂಡಿಕೆ ಇವು ಶಾಲೆ ಮಾಡಬಹುದಾದ ಸರಳ ಹೊಂದಾಣಿಕೆಗಳು. ಕೈಗೆ ಪಟ್ಟಿ ಕಟ್ಟಿಕೊಂಡು ಬಂದ ಮಗುವಿಗೆ ಬರೆಯುವುದರಿಂದ ವಿನಾಯಿತಿ ಸುಲಭವಾಗಿ ಸಿಗುತ್ತದೆ. ಕನ್ಕಷನ್‌ಗೆ ಒಳಗಾದ ಮಗು ಹೊರನೋಟಕ್ಕೆ ಆರೋಗ್ಯವಂತನಾಗಿಯೇ ಕಾಣುವುದರಿಂದ ಸೋಮಾರಿ ಎನಿಸಿಕೊಳ್ಳುವ ಅಪಾಯ ಹೆಚ್ಚು. ಆದಕಾರಣ ವೈದ್ಯರ ಸೂಚನಾ ಪತ್ರವು ದೈಹಿಕ ಶಿಕ್ಷಕರಿಗಷ್ಟೇ ಅಲ್ಲದೆ ಆ ಮಗುವಿಗೆ ಪಾಠ ಮಾಡುವ ಎಲ್ಲ ಶಿಕ್ಷಕರಿಗೂ ತಲುಪಬೇಕಾಗುತ್ತದೆ.