ಚಿನ್ನದ ಸೀಮೆಯಲ್ಲಿ ಸಂಬಂಧವಾಕ್ಯ

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಚಿನ್ನದ ತೂಕವನ್ನೂ ಗಣಿಯ ಆಳವನ್ನೂ ಹೇಳುವರು. ಚಿನ್ನದ ನೆವದಿಂದ ಆ ಸೀಮೆಯಲ್ಲಿ ಬೇರೂರಿದ ಇನ್ನೊಂದು ವಸ್ತುವಿನ ಮಾತನ್ನೆತ್ತುವವರು ವಿರಳ. ಅದು ಇಂಗ್ಲಿಷು ಭಾಷೆ. ಆ ಭಾಷೆಯನ್ನು ಕಲಿಯುವ ದಕ್ಷಿಣದೇಶದ ಮಕ್ಕಳಿಗೆ ಅಡ್ಡವಾಗಿ ನಿಲ್ಲುವ ತೊಡಕುಗಳಲ್ಲಿ 'ಹೂ', 'ವಿಚ್', 'ದಟ್' ಎಂಬ ಸಂಬಂಧ ಸರ್ವನಾಮಗಳಿಂದ ಕಟ್ಟುವ ಉಪವಾಕ್ಯವು ಮುಖ್ಯವಾದುದು. ಇದರ ಕಾರಣವನ್ನು ವಿಚಾರಿಸಿದರೆ ಕನ್ನಡದ ಸ್ವಭಾವವೂ ಚೆನ್ನಾಗಿ ತಿಳಿದುಬರುವುದು.

1864ರಲ್ಲಿ ಬೆಂಗಳೂರಿಗೆ ಜೋಲಾರಪೇಟೆಯ ಮಾರ್ಗವಾಗಿ ರೈಲು ಬಂದಿತು. ಆ ದಾರಿಯಲ್ಲಿ ಬೆಳೆದ ಪೇಟೆಗೆ, 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗರ ಹೆಸರಿನಿಂದ ಬೌರಿಂಗ್‌ಪೇಟೆಯೆಂದು ನಾಮಕರಣವಾಯಿತು. ಅದೇ ಈಗಿನ ಬಂಗಾರಪೇಟೆ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿಯವರ ಆಡಳಿತದಲ್ಲಿ ಗಣಿಗಳ ಕೆಲಸವು ಊರ್ಜಿತವಾಯಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪದವರೆಗೆ ಹತ್ತು ಮೈಲಿಯ ಕವಲುದಾರಿಯಾಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದಿತು. ಮೇಲ್ವಿಚಾರಣೆಗೆ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಾರರು ಬಂದರು. ಕೆಳಗಿಳಿದು ಕಲ್ಲು ಒಡೆಯುವುದಕ್ಕೆ ಆರ್ಕಾಟಿನ ಕಡೆಯಿಂದ ತಮಿಳರೂ ತೆಲುಗರೂ ಬಂದರು. ಸುತ್ತಣ ಹಳ್ಳಿಗಳಲ್ಲಿ ಕನ್ನಡವೂ ತೆಲುಗೂ ಇದ್ದವು. ಕಂಪೆನಿಯ ಆಜ್ಞೆ, ಲೆಕ್ಕ, ಪತ್ರವ್ಯವಹಾರಗಳೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದುದರಿಂದ, ತಂದೆಯು ಭೂಮಿಯೊಳಗೆ ದುಡಿದರೂ ಮಗನು ಭೂಮಿಯ ಮೇಲೆ ಗುಮಾಸ್ತೆಯಾಗಿ ಕುಳಿತುಕೊಳ್ಳಬೇಕಾದರೆ ಇಂಗ್ಲಿಷು ವಾಕ್ಯವನ್ನು ತಪ್ಪಿಲ್ಲದೆ ಬರೆಯುವುದೊಂದೇ ಮೆಟ್ಟಿಲಾಗಿತ್ತು.

ಈ ವಾಕ್ಯರಚನೆಯನ್ನು ಕಲಿಸುತ್ತಿದ್ದ ಕ್ರಮವೆಂತಹುದು? ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯು 1857ರಲ್ಲಿ ಸ್ಥಾಪಿತವಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಹುಟ್ಟುವವರೆಗೂ ಪರೀಕ್ಷೆಗಳಲ್ಲಿ ಮದರಾಸಿನ ವಿಶ್ವವಿದ್ಯಾಲಯದ್ದೇ ಮೇಲುಗೈ. ಮುಂದೆ ನೆಸ್‌ಫೀಲ್ಡರ ವ್ಯಾಕರಣವೂ, ಆ ಮೇಲೆ ರೆನ್ ಮತ್ತು ಮಾರ್ಟಿನರ ಪುಸ್ತಕವೂ ದೇಶವೆಲ್ಲ ಹರಡಿದವು. ಸಂಬಂಧ ಸರ್ವನಾಮವು ತನ್ನ ಪೂರ್ವಪದದ ವಚನ ಪುರುಷಗಳನ್ನು ಅನುಸರಿಸುವುದು, ವಿಭಕ್ತಿಯನ್ನು ಮಾತ್ರ ತನ್ನ ಉಪವಾಕ್ಯದಿಂದಲೇ ಪಡೆಯುವುದು ಎಂಬ ಸೂತ್ರವನ್ನು ಹುಡುಗರು ಬಾಯಿಪಾಠ ಮಾಡುವರು. ಸೂತ್ರವೇನೋ ಸರಿ. ಆದರೆ ಹುಡುಗನ ಮನೆಮಾತಿನಲ್ಲಿ ಅದಕ್ಕೆ ಸರಿಜೋಡಿಯಾದುದು ಯಾವುದೆಂಬುದನ್ನು ಸೂತ್ರವು ಹೇಳುವುದಿಲ್ಲ.

'ನಿನ್ನೆ ಬಂದ ಹುಡುಗ' ಎಂಬ ಮಾತನ್ನು ತೆಗೆದುಕೊಳ್ಳಬಹುದು. ಇಂಗ್ಲಿಷಿನಲ್ಲಿ ಇದು 'ದಿ ಬಾಯ್ ಹೂ ಕೇಮ್ ಯೆಸ್ಟರ್‌ಡೇ' ಎಂದಾಗುವುದು. ಕನ್ನಡವು ವಿಶೇಷಣವನ್ನೆಲ್ಲ ಮೊದಲು ಹೇಳಿ ಹುಡುಗನನ್ನು ಕೊನೆಗೆ ತರುವುದು. ಇಂಗ್ಲಿಷು ಹುಡುಗನನ್ನು ಮುಂದೆ ನಿಲ್ಲಿಸಿಕೊಂಡು ಅನಂತರ ಅವನ ವಿಚಾರವನ್ನು ಹೇಳುವುದು. ಕನ್ನಡದಲ್ಲಿ ಈ ಕೆಲಸವನ್ನು ಮಾಡುವುದು 'ಮಾಡುವ, ಮಾಡಿದ, ಮಾಡದ' ಎಂಬಂತಹ ಕೃದಂತ. ತಮಿಳು ತೆಲುಗುಗಳ ರೀತಿಯೂ ಇದೇ. ದ್ರಾವಿಡ ಭಾಷೆಗಳು ಸಂಬಂಧ ಸರ್ವನಾಮಕ್ಕೆ ಬದಲಾಗಿ ಕೃದಂತವನ್ನು ಬಳಸುವುವೆಂಬುದನ್ನು ಕಾಲ್ಡ್‌ವೆಲ್ ಪಂಡಿತರು 1856ರ ತಮ್ಮ ತುಲನಾತ್ಮಕ ವ್ಯಾಕರಣದಲ್ಲಿ ವಿವರಿಸಿದರು. ಹೀಗಾಗಿ ಗಣಿಯ ಪಾಠಶಾಲೆಯ ಒಂದೇ ಬೆಂಚಿನ ಮೇಲೆ ಮೂರು ಮನೆಮಾತಿನ ಮಕ್ಕಳು ಕುಳಿತರೂ ಅವರ ತೊಡಕು ಒಂದೇ. ಅದಕ್ಕೆ ಪರಿಹಾರವೂ ಒಂದೇ.

ಸ್ಥಾನದ ವ್ಯತ್ಯಾಸಕ್ಕಿಂತಲೂ ಸೂಕ್ಷ್ಮವಾದ ಭೇದವೊಂದುಂಟು. 'ಕೆಲಸ ಮಾಡಿದ ಮನುಷ್ಯ', 'ಕೆಲಸ ಮಾಡಿದ ಗಣಿ', 'ಕೆಲಸ ಮಾಡಿದ ದಿನ', 'ಕೆಲಸ ಮಾಡಿದ ಹಾರೆ' — ಈ ನಾಲ್ಕರಲ್ಲಿಯೂ ಕೃದಂತವು ಒಂದೇ. ಮನುಷ್ಯನು ಕರ್ತೃ, ಗಣಿಯು ಸ್ಥಳ, ದಿನವು ಕಾಲ, ಹಾರೆಯು ಸಾಧನ ಎಂಬುದನ್ನು ಕೇಳುವವನು ತನ್ನ ಬುದ್ಧಿಯಿಂದಲೇ ತಿಳಿದುಕೊಳ್ಳುವನು. ಇಂಗ್ಲಿಷಾದರೋ ಇದನ್ನು ಕೇಳುವವನಿಗೆ ಬಿಡದೆ 'ಹೂ', 'ಇನ್ ವಿಚ್', 'ಆನ್ ವಿಚ್', 'ವಿತ್ ವಿಚ್' ಎಂದು ನಾಲ್ಕನ್ನೂ ಬೇರೆಬೇರೆಯಾಗಿ ನುಡಿಯಿಸುವುದು. 'ದಿ ಮೈನ್ ವಿಚ್ ಹಿ ವರ್ಕ್‌ಡ್' ಎಂದು ಬರೆದ ಹುಡುಗನು ದಡ್ಡನಲ್ಲ. ತನ್ನ ಭಾಷೆಯು ಹೇಳದೆ ಬಿಡುವುದನ್ನು ಅವನೂ ಹೇಳದೆ ಬಿಟ್ಟಿದ್ದಾನೆ, ಅಷ್ಟೆ.

ಕೆಲವು ಉಪಾಧ್ಯಾಯರು 'ಯಾವನು ಬಂದನೋ ಅವನು' ಎಂಬ ರಚನೆಯನ್ನು ಸೇತುವೆಯಾಗಿ ಉಪಯೋಗಿಸುವುದುಂಟು. ಇದು ಕನ್ನಡಕ್ಕೆ ಅಪರಿಚಿತವಲ್ಲ. ಸಂಸ್ಕೃತದ 'ಯಃ—ಸಃ' ಪದ್ಧತಿಯ ಬಳಿಯದು. 'ಯಾರು ದುಡಿಯುವರೋ ಅವರು ಉಣ್ಣುವರು' ಎಂಬಂತಹ ಸರ್ವಸಾಮಾನ್ಯ ಮಾತಿಗೆ ಒಪ್ಪುವುದು. ಆದರೆ ಅದರಲ್ಲಿ ಸರ್ವನಾಮವು ಎರಡು ಸಲ ಬರುವುದರಿಂದ, ಅದನ್ನೇ ನಂಬಿದ ಹುಡುಗನು 'ಹೂ ಕೇಮ್ ಯೆಸ್ಟರ್‌ಡೇ, ಹಿ ಈಸ್ ಮೈ ಬ್ರದರ್' ಎಂದು ಬರೆದುಬಿಡುವನು. ಅದಕ್ಕಿಂತ 'ನಿನ್ನೆ ಬಂದ ಹುಡುಗ' ಎಂಬ ಮನೆಯ ಮಾತಿನಿಂದಲೇ ಹೊರಟು, ಹುಡುಗನನ್ನು ಮುಂದಕ್ಕೆ ತಂದು, 'ಬಂದವನು ಯಾರು?' ಎಂದು ಪ್ರಶ್ನಿಸಿ, ಆ ಎಡೆಯಲ್ಲಿ 'ಹೂ' ಎಂಬುದನ್ನು ಕೂರಿಸುವುದು ಸುಲಭವಾದ ಮಾರ್ಗ.

ಅಲ್ಪವಿರಾಮದ ವಿಷಯವೂ ಅಲಕ್ಷ್ಯ ಮಾಡತಕ್ಕದ್ದಲ್ಲ. 'ದೀಪವಿಲ್ಲದ ಕೆಲಸಗಾರರು ಕೆಳಗಿಳಿಯಕೂಡದು' ಎಂಬ ಅರ್ಥದ ಇಂಗ್ಲಿಷು ಪ್ರಕಟನೆಯೊಂದನ್ನು ಊಹಿಸಬಹುದು. 'ಹೂ ಹ್ಯಾವ್ ನೋ ಲ್ಯಾಂಪ್ಸ್' ಎಂಬುದರ ಎರಡು ಪಕ್ಕದಲ್ಲಿಯೂ ಅಲ್ಪವಿರಾಮವಿಲ್ಲದಿದ್ದರೆ, ದೀಪವಿಲ್ಲದವರಿಗೆ ಮಾತ್ರ ನಿಷೇಧ. ಅಲ್ಪವಿರಾಮಗಳನ್ನಿಟ್ಟರೆ, ಯಾರ ಬಳಿಯಲ್ಲಿಯೂ ದೀಪವಿಲ್ಲ, ಯಾರೂ ಇಳಿಯಕೂಡದು ಎಂದಾಗುವುದು. ಕನ್ನಡದ ಕೃದಂತವು ಈ ಎರಡನ್ನೂ ಒಂದೇ ರೂಪದಿಂದ ನಿರ್ವಹಿಸಿ ಸಂದರ್ಭಕ್ಕೆ ಬಿಡುವುದರಿಂದ, ಈ ಚಿಹ್ನೆಯ ಬೆಲೆಯನ್ನು ಹುಡುಗರಿಗೆ ಬಿಡಿಸಿ ಹೇಳಲೇಬೇಕು.

ಈ ಕಷ್ಟವು ಇಲ್ಲಿಯವರದು ಮಾತ್ರವಲ್ಲ. ಕೇರಿಯವರ ಕನ್ನಡ ವ್ಯಾಕರಣವು 1817ರಲ್ಲಿ ಶ್ರೀರಾಂಪುರದಲ್ಲಿ ಅಚ್ಚಾಯಿತು. ಗಣಿಗೆ ರೈಲು ಬಂದ 1894ರಲ್ಲಿಯೇ ಕಿಟ್ಟೆಲರ ನಿಘಂಟೂ, 1903ರಲ್ಲಿ ಅವರ ವ್ಯಾಕರಣವೂ ಮಂಗಳೂರಿನಲ್ಲಿ ಪ್ರಕಟವಾದವು. ಕನ್ನಡವನ್ನು ಕಲಿಯಬಂದ ಪಾಶ್ಚಾತ್ಯರು ನಾಮಪದವು ಬರುವವರೆಗೂ ಉಸಿರು ಹಿಡಿದು, ವಿಶೇಷಣಗಳನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾಗಿತ್ತು. ಕನ್ನಡಿಗನು ಏರುವ ಮೆಟ್ಟಿಲನ್ನೇ ಅವರು ಇಳಿಯುತ್ತಿದ್ದರು.

ಇದು ದಾಟಲಾಗದ ಅಡ್ಡಿಯಲ್ಲವೆಂಬುದಕ್ಕೆ ಕೋಲಾರ ಜಿಲ್ಲೆಯಲ್ಲಿಯೇ ನಿದರ್ಶನವುಂಟು. 1891ರಲ್ಲಿ ಮಾಲೂರು ತಾಲ್ಲೂಕಿನಲ್ಲಿ ಜನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. 1914ರಲ್ಲಿ ಅವರು ಮದರಾಸಿನಲ್ಲಿ ಇಂಗ್ಲಿಷು ಎಂ.ಎ. ಪದವಿಯನ್ನು ಪಡೆದರು, ಬರೆದು ಕೀರ್ತಿಯನ್ನು ಗಳಿಸಿದುದು ಕನ್ನಡದಲ್ಲಿ. ಒಂದು ಭಾಷೆಯನ್ನು ಚೆನ್ನಾಗಿ ಬಲ್ಲವನಿಗೆ ಇನ್ನೊಂದು ಶತ್ರುವಾಗುವುದಿಲ್ಲ.

2001ರ ಫೆಬ್ರವರಿಯ ಕೊನೆಗೆ ಗಣಿಗಳು ಮುಚ್ಚಿದವು. ಅಂದಿನಿಂದ ಆ ಸೀಮೆಯ ಸಾವಿರಾರು ಮಂದಿ ಮಾರಿಕುಪ್ಪದಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಮೆಗೆ ಹೋಗಿಬರುತ್ತಿದ್ದಾರೆ. ಚಿನ್ನವು ಹೋದರೂ ಇಂಗ್ಲಿಷಿನ ಅಗತ್ಯವು ಹೋಗಲಿಲ್ಲ. ಅರ್ಜಿ ಬರೆಯುವ ಮಗನಿಗೆ 'ಹೂ', 'ವಿಚ್'ಗಳನ್ನು ಕಲಿಸುವ ತಂದೆತಾಯಿಗಳು ಮೊದಲು ಅವನ ಬಾಯಲ್ಲಿರುವ ಕೃದಂತವನ್ನು ಅವನಿಗೇ ತೋರಿಸಿಕೊಟ್ಟರೆ, ಉಳಿದ ದಾರಿಯನ್ನು ಅವನೇ ನಡೆದಾನು.