ಮನೆಯಲ್ಲಿದ್ದೇ ಚಿಕಿತ್ಸೆ: ವ್ಯಸನಮುಕ್ತಿಯ ಇತಿಹಾಸದ ಒಂದು ಅಧ್ಯಾಯ

ವ್ಯಸನವೆಂಬ ಶಬ್ದವು ಜೈನ ಗೃಹಸ್ಥರಿಗೆ ಅಪರಿಚಿತವಲ್ಲ. ಸಪ್ತವ್ಯಸನಗಳ ತ್ಯಾಗವನ್ನು ಕುರಿತು ಬಾಲ್ಯದಿಂದಲೇ ಕೇಳಿ ಬೆಳೆದವರು ನಾವು. ಆದರೆ ತ್ಯಾಗದ ಉಪದೇಶವು ಬೇರೆ, ಈಗಾಗಲೇ ವ್ಯಸನಕ್ಕೆ ಸಿಲುಕಿದವನನ್ನು ಕೈಹಿಡಿದು ಮೇಲೆತ್ತುವ ಕಾರ್ಯವು ಬೇರೆ. ಮನೆಯಲ್ಲಿ ಇಂಥವನೊಬ್ಬನಿದ್ದರೆ ಅನೇಕ ಕುಟುಂಬಗಳಿಗೆ ಎರಡೇ ಮಾರ್ಗಗಳು ತೋರುತ್ತವೆ: ವಿಷಯವನ್ನು ಮುಚ್ಚಿಡುವುದು, ಇಲ್ಲವೆ ಆತನನ್ನು ದೂರದ ಊರಿನಲ್ಲೆಲ್ಲೋ ಸೇರಿಸಿ ಬರುವುದು. ಈ ಎರಡರ ನಡುವೆ ಮೂರನೆಯ ಮಾರ್ಗವೊಂದಿದೆ. ರೋಗಿಯು ವಾರದಲ್ಲಿ ಹಲವು ದಿನ, ದಿನಕ್ಕೆ ಕೆಲವು ಗಂಟೆಗಳ ಕಾಲ ಚಿಕಿತ್ಸಾಲಯದಲ್ಲಿದ್ದು, ರಾತ್ರಿ ತನ್ನ ಮನೆಗೇ ಮರಳುವ ಕ್ರಮವಿದು. ವೈದ್ಯರು ಇದನ್ನು ತೀವ್ರ ಹೊರರೋಗಿ ಚಿಕಿತ್ಸೆ ಎನ್ನುತ್ತಾರೆ. ಇದು ಬೆಳೆದುಬಂದ ಬಗೆಯನ್ನು ಅರಿಯುವುದು ಉಚಿತ.

ಮನೋರೋಗಿಯನ್ನು ಎತ್ತರದ ಗೋಡೆಗಳ ಒಳಗಿಡುವುದೇ ಚಿಕಿತ್ಸೆಯೆಂದು ಬಹುಕಾಲ ಲೋಕವು ನಂಬಿತ್ತು. ಈ ನಂಬಿಕೆಯನ್ನು ಮೊದಲು ಸಡಿಲಿಸಿದ್ದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಹಾಸಿಗೆಗಳ ಅಭಾವ. 1933ರಲ್ಲಿ ಮಾಸ್ಕೋ ನಗರದಲ್ಲಿ ಝಗಾರೋವ್ ಎಂಬ ವೈದ್ಯರು, ರೋಗಿಗಳು ಹಗಲು ಬಂದು ಸಂಜೆ ಮರಳುವ ಆಸ್ಪತ್ರೆಯನ್ನು ಈ ಕಾರಣದಿಂದಲೇ ನಡೆಸಿದರು. 1946ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿಯೂ ಲಂಡನ್ನಿನಲ್ಲಿಯೂ ಹಗಲು ಆಸ್ಪತ್ರೆಗಳು ಆರಂಭಗೊಂಡವು. ಲಂಡನ್ನಿನಲ್ಲಿ ಇದನ್ನು ಸ್ಥಾಪಿಸಿದ ಜೋಶುವಾ ಬೀರರ್ ವಿಯೆನ್ನಾದಿಂದ ಬಂದವರು. ರೋಗಿಯನ್ನು ಸಮಾಜದಿಂದ ಬೇರ್ಪಡಿಸದೆ ಗುಣಪಡಿಸಬೇಕೆಂಬುದು ಅವರ ನಿಲುವು.

ವ್ಯಸನಿಗಳ ಪಾಲಿಗೆ ಈ ಬಾಗಿಲು ತಡವಾಗಿ ತೆರೆಯಿತು. ಅಮೆರಿಕದಲ್ಲಿ 28 ದಿನ ಒಳರೋಗಿಯಾಗಿರುವ ಪದ್ಧತಿಯೇ ರೂಢವಾಗಿತ್ತು. ಇಂಥ ಪದ್ಧತಿಗಳ ಬಗ್ಗೆ ಪ್ರಶ್ನೆಯೆಬ್ಬಿಸಿದ್ದು 1977ರಲ್ಲಿ ಗ್ರಿಫಿತ್ ಎಡ್ವರ್ಡ್ಸ್ ಮತ್ತು ಸಂಗಡಿಗರು ಲಂಡನ್ನಿನಿಂದ ಪ್ರಕಟಿಸಿದ ಅಧ್ಯಯನ. ಮದ್ಯಕ್ಕೆ ಅಧೀನರಾಗಿದ್ದ 100 ಮಂದಿ ವಿವಾಹಿತ ಪುರುಷರನ್ನು ಅವರು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಔಷಧ, ಹೊರರೋಗಿ ಚಿಕಿತ್ಸೆ, ಅಗತ್ಯವಾದರೆ ದಾಖಲಾತಿ ಎಲ್ಲವೂ ದೊರೆಯಿತು. ಇನ್ನೊಂದು ಗುಂಪಿನವರನ್ನು ಸಮಗ್ರವಾಗಿ ಪರೀಕ್ಷಿಸಿ, ಪತ್ನಿಯೊಡನೆ ಕೂರಿಸಿ, ಒಮ್ಮೆ ಹಿತವಚನ ಹೇಳಿ ಕಳುಹಿಸಲಾಯಿತು. 12 ತಿಂಗಳ ನಂತರ ನೋಡಿದಾಗ ಎರಡು ಗುಂಪುಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಚಿಕಿತ್ಸೆಯೇ ವ್ಯರ್ಥವೆಂದು ಇದರಿಂದ ತಿಳಿಯಬಾರದು. ಚಿಕಿತ್ಸೆ ಹೆಚ್ಚಿದಷ್ಟೂ ಫಲವೂ ಹೆಚ್ಚೆಂಬ ಭಾವನೆಯನ್ನು ಮಾತ್ರ ಈ ಅಧ್ಯಯನವು ಅಲುಗಾಡಿಸಿತು.

1980ರ ದಶಕದಲ್ಲಿ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಕೊಕೇನ್ ಪಿಡುಗು ಹಬ್ಬಿದಾಗ, ಉದ್ಯೋಗ ಮತ್ತು ಕುಟುಂಬವನ್ನು ಬಿಟ್ಟುಬರಲಾರದ ವ್ಯಸನಿಗಳಿಗಾಗಿ ಮ್ಯಾಟ್ರಿಕ್ಸ್ ಎಂಬ ಕ್ರಮವು ರೂಪುಗೊಂಡಿತು. ಇದರ ಅವಧಿ 16 ವಾರ. ದಿನದ ಪ್ರತಿಯೊಂದು ಗಂಟೆಯನ್ನು ಹೇಗೆ ಕಳೆಯುವೆನೆಂದು ರೋಗಿಯು ಮುಂಚಿತವಾಗಿ ಬರೆದಿಡಬೇಕು. ಯಾವ ಬೀದಿ, ಯಾವ ಗೆಳೆಯ, ಯಾವ ಹೊತ್ತು ತನ್ನ ಆಸೆಯನ್ನು ಕೆರಳಿಸುತ್ತದೆಂದು ಗುರುತಿಸಿಕೊಳ್ಳಬೇಕು. 2006ರಲ್ಲಿ ಅಮೆರಿಕ ಸರ್ಕಾರವು ಪ್ರಕಟಿಸಿದ ಇದರ ಕೈಪಿಡಿಯಲ್ಲಿ, ಮರಳಿ ಜಾರದಂತೆ ತಡೆಯುವ ಸಭೆಗಳು 32, ಕುಟುಂಬದವರ ತಿಳಿವಳಿಕೆಗಾಗಿ 12. ರೋಗಿಯ ಮನೆಯವರೂ ಇಲ್ಲಿ ವಿದ್ಯಾರ್ಥಿಗಳೇ.

ಈ ಕ್ರಮದ ಪರೀಕ್ಷೆಯೂ ನಡೆಯಿತು. ಮೆಥಾಂಫೆಟಮಿನ್ ಎಂಬ ಮಾದಕಕ್ಕೆ ವಶರಾದ 978 ಮಂದಿಯ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮ್ಯಾಟ್ರಿಕ್ಸ್ ಕ್ರಮದಲ್ಲಿದ್ದವರು ಹೆಚ್ಚು ಕಾಲ ಚಿಕಿತ್ಸೆಯಲ್ಲಿ ನಿಂತರು. ಆ ಅವಧಿಯಲ್ಲಿ ಮಾದಕದಿಂದ ಹೆಚ್ಚಾಗಿ ದೂರವಿದ್ದರು. ಆದರೆ ಚಿಕಿತ್ಸೆಗೆ ಸೇರಿ 6 ತಿಂಗಳಾಗುವ ಹೊತ್ತಿಗೆ, ಬೇರೆ ಚಿಕಿತ್ಸೆ ಪಡೆದವರಿಗಿಂತ ಅವರು ಮುಂದಿರಲಿಲ್ಲ. ಈ ಲೇಖನದ ಸಾರವೆಲ್ಲ ಇಲ್ಲಿದೆ. ಯಾವ ಚಿಕಿತ್ಸೆಯೂ ಒಂದು ದಿನ ಮುಗಿಯುತ್ತದೆ. ಮುಗಿದ ಮಾರನೆಯ ದಿನ ಆತನಿಗೆ ಆಸರೆ ಯಾರು?

ಕುಟುಂಬವನ್ನು ಚಿಕಿತ್ಸೆಯೊಳಗೆ ಕರೆತಂದ ಸಾಹಸದಲ್ಲಿ ಭಾರತವು ಹಿಂದೆ ಬಿದ್ದಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಬಂಧುಗಳನ್ನೂ ಜೊತೆಯಲ್ಲಿ ಇರಿಸಿಕೊಂಡರು. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ನೀಡಿ, ಮನೋರೋಗದ ಔಷಧೋಪಚಾರವು ಊರಿನ ಸಮೀಪದಲ್ಲೇ ದೊರೆಯುವಂತೆ ಮಾಡಿತು. ಅದೇ ಮಾದರಿಯನ್ನು ಅನುಸರಿಸಿ 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಕಾರ್ಯಕ್ರಮವು ಆರಂಭವಾಯಿತು.

ಇನ್ನೊಂದು ಮುಖವನ್ನೂ ಮರೆಯಲಾಗದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ, ಬಂಧುಗಳು ಬಿಟ್ಟುಹೋಗಿದ್ದ ಮನೋರೋಗಿಗಳ ಆಶ್ರಯದ ಗುಡಿಸಲಿಗೆ ಬೆಂಕಿ ತಗಲಿತು. ಸರಪಳಿಯಲ್ಲಿ ಬಂಧಿತರಾಗಿದ್ದ 28 ಜೀವಗಳು ಓಡಲಾಗದೆ ಸುಟ್ಟುಹೋದವು. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಸರಪಳಿ ಹಾಕುವುದನ್ನು ನಿಷೇಧಿಸಿದೆ. ಸಮಾಜದ ನಡುವೆ ಬಾಳುವುದು ರೋಗಿಯ ಹಕ್ಕೆಂದು ಸಾರಿದೆ. ಮದ್ಯ ಮತ್ತು ಮಾದಕಗಳ ದುರುಪಯೋಗದಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಮನೋರೋಗದ ವ್ಯಾಖ್ಯೆಯಲ್ಲಿ ಸೇರಿಸಿದೆ. ಆದರೂ 2015–16ರ ರಾಷ್ಟ್ರೀಯ ಸಮೀಕ್ಷೆಯಂತೆ, ಮದ್ಯವ್ಯಸನದ ತೊಂದರೆಯುಳ್ಳವರಲ್ಲಿ ಶೇಕಡಾ 86ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮನೆಯಲ್ಲಿದ್ದು ಪಡೆಯುವ ಚಿಕಿತ್ಸೆ ಎಲ್ಲರಿಗೂ ಸಲ್ಲದು. ಬಹುಕಾಲ ಕುಡಿದವನು ಥಟ್ಟನೆ ನಿಲ್ಲಿಸಿದರೆ ಸೆಳವು, ಸನ್ನಿ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಆತ್ಮಹತ್ಯೆಯ ಯೋಚನೆಯುಳ್ಳವನನ್ನೂ ಅಲಕ್ಷಿಸಬಾರದು. ಇಂಥವರನ್ನು ಆಸ್ಪತ್ರೆಗೆ ದಾಖಲಿಸಬೇಕೇ ಎಂಬುದನ್ನು ವೈದ್ಯರೇ ನಿರ್ಣಯಿಸಬೇಕು. ದಾರಿ ತೋಚದವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯಿದೆ. ಅದರ ಸಂಖ್ಯೆ 14416.

ಉಳಿದುದು ನಮ್ಮ ಕರ್ತವ್ಯ. ಕುಟುಂಬವು ರೋಗವನ್ನು ಬಚ್ಚಿಡುವುದು ಬಹುಮಟ್ಟಿಗೆ ನಮ್ಮ ನಾಲಿಗೆಗೆ ಅಂಜಿ. ಮಗನು ಚಿಕಿತ್ಸೆಗೆ ಹೋಗುತ್ತಾನೆಂಬ ಸುದ್ದಿ ಹಬ್ಬಿದರೆ ಮಗಳಿಗೆ ಸಂಬಂಧ ಕೂಡಿಬರಲಾರದೆಂಬ ಭಯವು ಎಷ್ಟೋ ತಾಯಂದಿರನ್ನು ಕಟ್ಟಿಹಾಕಿದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಸ್ಥಿತಿಕರಣವೂ ಇವೆ. ಅನ್ಯರ ದೋಷವನ್ನು ಬೀದಿಗೆ ತಾರದಿರುವುದು ಮೊದಲನೆಯದು. ಜಾರುತ್ತಿರುವವನನ್ನು ಮತ್ತೆ ನೆಲೆಗೊಳಿಸುವುದು ಎರಡನೆಯದು. ದೋಷವನ್ನು ಮರೆಮಾಡುವುದೆಂದರೆ ಚಿಕಿತ್ಸೆಯನ್ನೂ ತಡೆಯುವುದೆಂದಲ್ಲ. ಈ ಎರಡು ಅಂಗಗಳು ಜೊತೆಗೂಡಿದಾಗಲೇ ಅವುಗಳ ಅರ್ಥವು ಪೂರ್ಣವಾಗುತ್ತದೆ.

ಬಸದಿಗಳ ಟ್ರಸ್ಟುಗಳು ಆಸ್ಪತ್ರೆಯನ್ನು ಕಟ್ಟಿಸಬೇಕಾಗಿಲ್ಲ. ಚೇತರಿಸಿಕೊಳ್ಳುತ್ತಿರುವವರು ವಾರಕ್ಕೊಮ್ಮೆ ಕಲೆಯಲು ಸಭಾಭವನದ ಒಂದು ಕೋಣೆ, ಪೇಟೆಯ ಚಿಕಿತ್ಸಾಲಯಕ್ಕೆ ಹೋಗಿಬರಲು ಬಡ ಕುಟುಂಬಕ್ಕೆ ಬಸ್ಸಿನ ಖರ್ಚು, ಮರಳಿ ಬಂದವನಿಗೆ ಯೋಗ್ಯವಾದೊಂದು ಕೆಲಸ, ಇಷ್ಟನ್ನು ಕೊಡಬಲ್ಲವು. ಆತನು ಮತ್ತೊಮ್ಮೆ ಎಡವಿದರೂ ಬಾಗಿಲು ತೆರೆದೇ ಇರಲಿ. ಚಿಕಿತ್ಸಾಲಯವು ಹಗಲಿನ ಕೆಲವು ಗಂಟೆಗಳನ್ನು ನೋಡಿಕೊಳ್ಳುತ್ತದೆ. ಸಂಜೆಯ ನಂತರದ ಹೊಣೆ ನಮ್ಮದು.